ನೆಸ್ಸಾ ಎಂದು ಯಾರು ಕೂಗಬೇಕು?

ಮಾನ್ಯರೇ,

ಬಿರುಗಾಳಿಗಳಿಗೆ ಹೆಸರಿಡುವ ಕಚೇರಿಯ ಮುಖ್ಯಸ್ಥರಾದ ತಾವು ಕಳೆದ ಚಳಿಗಾಲದಲ್ಲಿ ಒಂದು ವಾಯುಭಾರ ಕುಸಿತಕ್ಕೆ ‘ನೆಸ್ಸಾ’ ಎಂದು ನಾಮಕರಣ ಮಾಡಿದಿರಿ. ಅದು ನನ್ನ ಮೊಮ್ಮಗಳ ಹೆಸರು. ಆ ಗಾಳಿ ನುಂಗಿದ್ದು ಅವಳ ಅಪ್ಪನನ್ನು, ನನ್ನ ಮಗ ಕೊಲ್ಮನ್‌ನನ್ನು. ಅಂದಿನಿಂದ ಅಯರ್ಲೆಂಡಿನ ಪಶ್ಚಿಮದಂಚಿನ ನಮ್ಮ ದ್ವೀಪದಲ್ಲಿ ಆ ಹೆಸರನ್ನು ಊರವರು ಯಾರೂ ಬಾಯಿಬಿಟ್ಟು ಕೂಗುವುದಿಲ್ಲ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಹೆಸರಿಲ್ಲದೆ ಓಡಾಡಿಕೊಂಡಿದ್ದಾಳೆ.

ಅಂಕಿಸಂಖ್ಯೆಗಳನ್ನು ಜನ ಮರೆಯುತ್ತಾರೆ, ಮನುಷ್ಯರ ಹೆಸರನ್ನು ಮರೆಯುವುದಿಲ್ಲ ಎಂಬುದು ತಮ್ಮ ಘನ ವಾದ. ನಿಜ ಸ್ವಾಮಿ, ಚೆನ್ನಾಗಿ ನೆನಪಿದೆ. ಆ ಗಾಳಿ ಹುಟ್ಟಿದ ಬಗೆಯನ್ನೂ ತಾವೇ ಟೀವಿಯಲ್ಲಿ ಮನೆಮಗಳ ಬಾಣಂತನದ ಸುದ್ದಿಯಂತೆ ಅಕ್ಕರೆಯಿಂದ ವಿವರಿಸಿದಿರಿ. ದೂರದ ಕಡಲ ಮೇಲೆ ಉತ್ತರದ ತಣ್ಣನೆಯ ಗಾಳಿಗೆ ದಕ್ಷಿಣದ ಬೆಚ್ಚನೆಯ ಗಾಳಿ ಎದುರಾಗುತ್ತದೆ, ಬೆಚ್ಚನೆಯದು ಹಗುರವಾಗಿ ಮೇಲೇರುತ್ತದೆ, ತಣ್ಣನೆಯದು ಹಿಂದಿನಿಂದ ಅದರ ಅಡಿಗೆ ನುಗ್ಗುತ್ತದೆ, ನಡುವೆ ವಾಯುಭಾರ ಕುಸಿಯುತ್ತದೆ, ಸುತ್ತಲ ಗಾಳಿಯೆಲ್ಲ ಸುರುಳಿ ಸುತ್ತುತ್ತ ಅತ್ತ ಧಾವಿಸುತ್ತದೆ. ನಮ್ಮ ಹುಡುಗಿ ಕುಣಿದಾಡಿದಳು. “ಅಪ್ಪಾ, ನಾನು ಟೀವೀಲಿ ಬಂದೆ!”

ಮರುದಿನ ಬೆಳಗ್ಗೆ ದೋಣಿಕಟ್ಟೆಯ ಮೇಲೆ ಬಾರ್ಟ್ಲಿ, ನಮ್ಮ ನೆರೆಮನೆಯ ಮೀನುಗಾರ, ಕೊಲ್ಮನ್‌ನನ್ನು ಛೇಡಿಸಿದ.

“ಏನೋ ಕೊಲ್ಮನ್, ಸಾಯಂಕಾಲಕ್ಕೆ ನಿನ್ನ ಮಗಳು ಬರ್ತಾಳಂತೆ. ಭಾರಿ ಸಿಟ್ಟಲ್ಲಿದ್ದಾಳಂತೆ!”

“ಬರ್ಲಿ ಬಿಡೋ. ಅವ್ಳು ಯಾರ ಮಾತು ಕೇಳ್ದಿದ್ರೂ ನನ್ನ ಮಾತು ಕೇಳ್ತಾಳೆ.”

ಎಲ್ಲರೂ ನಕ್ಕರು. ಸಾಯಂಕಾಲದವರೆಗೆ ಹೊತ್ತಿದೆ ಎಂದು ಕೊಲ್ಮನ್ ಕಡಲಲ್ಲಿ ಇಳಿಬಿಟ್ಟಿದ್ದ ಸಿಗಡಿ ಹಿಡಿಯುವ ಬುಟ್ಟಿಗಳನ್ನು ಎತ್ತಿ ತರಲು ಹೊರಟ. ಮಧ್ಯಾಹ್ನ ಬೆಚ್ಚಗೆ ಜಿನುಗುಮಳೆ ಹಿಡಿಯಿತು, ಗಾಳಿ ಸ್ವಲ್ಪ ತಗ್ಗಿತು. ಆಮೇಲೆ ತಾವು ಹೇಳಿದ ಹೊತ್ತಿಗಿಂತ ಎಷ್ಟೋ ಮೊದಲೇ ಹಿಂದಿನಿಂದ ನುಗ್ಗುವ ಆ ತಣ್ಣನೆಯ ಗಾಳಿ ಬಂದೇಬಿಟ್ಟಿತು. ನೈಋತ್ಯದಿಂದ ಬೀಸುತ್ತಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ವಾಯವ್ಯಕ್ಕೆ ತಿರುಗಿತು. ದೋಣಿಯ ಹಲಗೆಗಳು ದಡ ಸೇರಿದವು. ಅವನು ಇವತ್ತಿಗೂ ಸಿಕ್ಕಿಲ್ಲ. ನಮ್ಮ ಮನೆಗಳಿಗೆ ಎದುರುಬದುರು ಎರಡು ಬಾಗಿಲು, ಗಾಳಿ ಬರುವ ಕಡೆಯದನ್ನು ಮುಚ್ಚಿ ಮರೆಯ ಕಡೆಯದನ್ನು ತೆರೆಯುವುದು ರೂಢಿ. ನನ್ನ ಸೊಸೆ ಯೂನಾ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತುಬಿಡುತ್ತಾಳೆ. “ಬಾಗ್ಲು ಬಡಿದ ಹಾಗಾಯ್ತಲ್ಲ ಅತ್ತೆ?” ಎನ್ನುತ್ತಾಳೆ. ನನಗೂ ಹಾಗೇ ಕೇಳಿಸಿರುತ್ತದೆ. ಗಾಳಿ ಕಣಮ್ಮಾ ಎನ್ನುತ್ತೇನೆ.

ಆಳನ್ನು ತಿಂದ ಗಾಳಿಯ ಹೆಸರನ್ನು ಕಡಲ ಕಡೆ ಮುಖ ಮಾಡಿ ಕೂಗಿದರೆ ಅದು ಮರಳಿ ಬರುತ್ತದೆ ಎಂಬುದು ಇಲ್ಲಿನವರ ನಂಬಿಕೆ. ಹಿಂದೆ ಗಾಳಿಗೆ ಹೆಸರೇ ಇರಲಿಲ್ಲವಾದ್ದರಿಂದ ಈ ನಂಬಿಕೆಯಿಂದ ಯಾರಿಗೂ ತೊಂದರೆಯಿರಲಿಲ್ಲ. ಹೆಸರು ಕೊಟ್ಟವರು ತಾವು. ದ್ವೀಪದಲ್ಲಿ ಯಾವ ಕಡೆ ತಿರುಗಿದರೂ ಕಡಲೇ ಅಲ್ಲವೇ? ಶಾಲೆಯ ಟೀಚರ್ ಅವಳನ್ನು “ಕೊಲ್ಮನ್ ಮಗಳು” ಎನ್ನುತ್ತಾರೆ. ಮಕ್ಕಳಿಗೆ ಅಷ್ಟು ನಯ ಎಲ್ಲಿಂದ ಬರಬೇಕು? “ನಿಮ್ಮಪ್ಪನ್ನ ಮುಳುಗಿಸಿದ್ದು ನೀನೇ ಕಣೇ” ಅಂದವಂತೆ. ಮನೆಗೆ ಬಂದು ಕೇಳಿದಳು: “ಅಜ್ಜಿ, ತಣ್ಣನೆ ಗಾಳಿ ಬೆಚ್ಚನೆ ಗಾಳಿ ಸೇರಿದ್ರೆ ನಾನು ಮತ್ತೆ ಹುಟ್ತೀನಾ?” ಇದಕ್ಕೆ ತಮ್ಮ ವಿಜ್ಞಾನದಲ್ಲಿ ಉತ್ತರವಿದ್ದರೆ ದಯವಿಟ್ಟು ತಿಳಿಸಿ.

ಈ ಮೊದಲು ಬರೆದಾಗ ತಮ್ಮ ಕಚೇರಿ ಸಂತಾಪ ಸೂಚಿಸಿತು. ಮೃತರ ಗೌರವಾರ್ಥ ‘ನೆಸ್ಸಾ’ ಎಂಬ ಹೆಸರನ್ನು ಇನ್ನು ಯಾವ ಗಾಳಿಗೂ ಇಡದಂತೆ ಶಾಶ್ವತವಾಗಿ ನಿವೃತ್ತಿಗೊಳಿಸಲಾಗಿದೆಯಂತೆ. ಭಲೇ! ಗಾಳಿ ಎರಡೇ ದಿನಕ್ಕೆ ಸತ್ತು ಹೋಯಿತು. ಈ ಮಗು ಆ ಹೆಸರನ್ನು ಹೊತ್ತು ಇನ್ನೂ ಒಂದು ಇಡೀ ಆಯುಷ್ಯ ಬದುಕಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದರೆ ಇದೇ ಅಲ್ಲವೇ?

ಹೋದ ತಿಂಗಳು ಕುರಿ ಅಟ್ಟಲು ಹೋದವಳು ಮಂಜಿನಲ್ಲಿ ದಾರಿ ತಪ್ಪಿದಳು. ಊರಿಗೆ ಊರೇ ಹುಡುಕಿತು. ಮಂಡಿನೋವಿನ ನಾನು ಬಾಗಿಲಲ್ಲೇ ನಿಂತು ಹೆಸರು ಹಿಡಿದು ಕೂಗಿದೆ, ಆದರೆ ನನ್ನ ಗಂಟಲು ಅಂಗಳದ ಗೋಡೆ ದಾಟದು. ಬಂಡೆಗಳ ತುದಿಯಲ್ಲಿದ್ದವರು, ಒಳ್ಳೆಯ ಜನವೇ, “ಏ ಹುಡುಗೀ! ಹುಡುಗೀ!” ಎಂದು ಕಿರುಚುತ್ತಿದ್ದರು. ಕೊನೆಗೆ ಬಾರ್ಟ್ಲಿಯ ನಾಯಿ ಅವಳನ್ನು ಕುರಿದೊಡ್ಡಿಯ ಗೋಡೆಯ ಮರೆಯಲ್ಲಿ ಕಂಡುಹಿಡಿಯಿತು. ತುಟಿ ನೀಲಿಗಟ್ಟಿತ್ತು.

“ಅಷ್ಟು ಜನ ಕೂಗಿದ್ರೂ ಯಾಕೆ ಓಗೊಡಲಿಲ್ವೇ ಮಗಾ?” ಎಂದು ಬಾರ್ಟ್ಲಿ ಅಳುತ್ತಲೇ ಕೇಳಿದನಂತೆ.

“ನನ್ನ ಯಾರೂ ಕರೀಲೇ ಇಲ್ಲವಲ್ಲ. ಯಾವ್ದೋ ಹುಡುಗೀನ ಹುಡುಕ್ತಿದ್ರು.”

ಆದ್ದರಿಂದ ನನ್ನ ಬೇಡಿಕೆ ಕೇಳಿ. ಮುಂದಿನ ಕುಸಿತ ನಮ್ಮತ್ತ ಬರುವ ದಿನ ತಮಗೆ ಮುಂಚೆಯೇ ಗೊತ್ತಿರುತ್ತದೆ. ಅದಕ್ಕೂ ಒಂದು ದಿನ ಮೊದಲೇ ಇಲ್ಲಿಗೆ ಬನ್ನಿ. ನಮ್ಮ ಮನೆಯಲ್ಲೇ ಉಳಿಯಿರಿ, ಆಲೂಗಡ್ಡೆ, ಉಪ್ಪುಮೀನು ಇದೆ. ಗಾಳಿ ಏಳುತ್ತಿದ್ದಂತೆ ಊರವರ ಮುಂದೆ ಕಟ್ಟೆಯ ತುದಿಗೆ ಹೋಗಿ, ಕಡಲಿಗೆ ಮುಖ ಮಾಡಿ, “ನೆಸ್ಸಾ!” ಎಂದು ಗಟ್ಟಿಯಾಗಿ ಕೂಗಿ. ತಾವು ವಿಜ್ಞಾನಿಗಳು, ಬರೀ ಗಾಳಿಗೆ ಹೆದರುವವರಲ್ಲ. ತಮ್ಮ ಬೆನ್ನ ಹಿಂದೆ ಅವಳನ್ನು ನಾನು ಕೈಹಿಡಿದು ನಿಲ್ಲಿಸಿರುತ್ತೇನೆ. ತಾವು ಕರೆದರೆ ಗಾಳಿಯಲ್ಲ, ಅವಳು ಓಗೊಡುತ್ತಾಳೆ; ಊರವರೂ ಅದನ್ನು ಕೇಳಲಿ.

ಇಂತಿ,
ಮಗನನ್ನು ತಮ್ಮ ಗಾಳಿಗೆ ಕೊಟ್ಟು, ಮೊಮ್ಮಗಳನ್ನಾದರೂ ಉಳಿಸಿಕೊಳ್ಳಲು ಹೊರಟಿರುವ
ನೆಸ್ಸಾಳ ಅಜ್ಜಿ