ಗಂಟೆಯ ಸುತ್ತಿಗೆ ಕದ್ದವರು

ಶುಕ್ರವಾರ, ಮಧ್ಯಾಹ್ನ
ಕಸಬರಿಕೆ ಕೋಣೆ

ಮೇಡಂ ಎನಿಸಿಕೊಂಡ ನನ್ನ ಅಕ್ಕನಿಗೆ,

ಶಾಲೆಯಲ್ಲಿ ಅಕ್ಕ ಎನ್ನಬಾರದೆಂದು ನೀನು ಹೇಳಿದ ದಿನದಿಂದ ನಿನ್ನನ್ನು ಏನೆಂದೂ ಕರೆದಿಲ್ಲ. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ. ಅದು ಗೊತ್ತಿರುವುದರಿಂದಲೇ ನಿನ್ನ ಬೇಳೆ ಬೇಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂರನೇ ಕ್ಲಾಸಿನ ಮಕ್ಕಳು ಪುಸ್ತಕ ಮುಟ್ಟುವುದಿಲ್ಲವೆಂದು ನೀನು ಪತ್ತೇದಾರಿ ಆಟ ಹೂಡಿದೆ. ಗಂಟೆ ಹೊಡೆಯುವ ಸುತ್ತಿಗೆ ಕಳುವಾಗಿದೆ, ಚೀಟಿ ಓದಿ ಕಳ್ಳನನ್ನು ಹಿಡಿಯಿರಿ ಎಂದೆ. ಉಪಾಯ ಚೆನ್ನಾಗಿಯೇ ಇತ್ತು. ಆದರೆ ನಿನ್ನ ಚೀಟಿಗಳೋ? "ಪುಟ ಹನ್ನೆರಡನ್ನು ಐದು ಸಲ ಓದಿ, ಕಠಿಣ ಪದಗಳ ಅರ್ಥ ಬರೆಯಿರಿ." ಪಕ್ಕದಲ್ಲೊಂದು ಭೂತಗನ್ನಡಿಯ ಚಿತ್ರ. ಪ್ರಶ್ನೆಪತ್ರಿಕೆಗೆ ಮೀಸೆ ಬರೆದರೆ ಅದು ಪತ್ತೇದಾರನಾಗುತ್ತದೆಯೇ? ಸುತ್ತಿಗೆಯನ್ನು ಅಡಗಿಸಿದ್ದಾದರೂ ಎಲ್ಲಿ, ನಿನ್ನದೇ ಮೇಜಿನ ಡ್ರಾಯರಿನಲ್ಲಿ. ಅಷ್ಟು ಸೋಮಾರಿ ಕಳ್ಳರನ್ನು ನಾನು ಕಂಡಿಲ್ಲ.

ಆ ಸಂಜೆ ಗುಡಿಸುವಾಗ ನಿನ್ನ ಚೀಟಿಗಳೆಲ್ಲ ಕಸದ ಬುಟ್ಟಿಯಲ್ಲಿದ್ದವು. ಎರಡನ್ನು ದೋಣಿ ಮಾಡಿದ್ದರು. ಅವುಗಳ ಹಿಂಬದಿಯಲ್ಲೇ ನಾನು ಬೇರೆ ಬರೆದಿಟ್ಟೆ: "ಕಪಾಟಿನ ಮೂರನೇ ಸಾಲಿನಲ್ಲಿ ಇಲಿ ಕಡಿದ ಪುಸ್ತಕವಿದೆ. ಅದರಲ್ಲಿ ಮುದುಕಿ ಬೀಗದ ಕೈಯನ್ನು ಎಲ್ಲಿ ಬಚ್ಚಿಟ್ಟಳೋ, ಅಂಥದೇ ಜಾಗದಲ್ಲಿ ಮುಂದಿನ ಚೀಟಿ ಇದೆ." ಆ ಪುಸ್ತಕಗಳ ಧೂಳು ಹೊಡೆಯುವವಳು ನಾನು. ಹೊಡೆಯುತ್ತಾ ಎಲ್ಲವನ್ನೂ ಓದಿದ್ದೇನೆ. ನೀನು ಕಪಾಟಿನ ಬೀಗ ಮಾತ್ರ ನೋಡಿದವಳು.

ನೀನು ಹಿಂದಿನ ಬೆಂಚಿಗೆ ಅಟ್ಟಿದ ಹುಡುಗಿ, ಅದೇ, ಸಾಲಿನ ಕೆಳಗೆ ಬೆರಳಿಟ್ಟು ಓದುವವಳು, ಮೂರು ದಿನ ಆ ಪುಸ್ತಕ ಬಿಡಲಿಲ್ಲ. ಮುದುಕಿ ಬಚ್ಚಿಟ್ಟಿದ್ದು ಹಿಟ್ಟಿನ ಡಬ್ಬದ ಕೆಳಗೆ. ಶಾಲೆಯಲ್ಲಿ ಹಿಟ್ಟೆಲ್ಲಿದೆ? ಅವಳೇ ಯೋಚಿಸಿ, ಸೀಮೆಸುಣ್ಣದ ಡಬ್ಬ ಎತ್ತಿದಳು. ಇವಳಿಗೆ ಓದುವ ತಲೆಯಿಲ್ಲ ಎಂದಿದ್ದೆ ನೀನು. ನಾನು ನಾಲ್ಕನೇ ಕ್ಲಾಸು ಮುಗಿಸಿದಾಗ ಅಮ್ಮನ ಮುಂದೆ ನನಗೂ ಅದನ್ನೇ ಅಂದಿದ್ದೆ. ನಿನ್ನ ಕೂಸನ್ನು ನೋಡಿಕೊಳ್ಳಲು ಆಗ ಒಬ್ಬರು ಬೇಕಾಗಿತ್ತು.

ಬುಧವಾರ ಹೆಡ್ ಮೇಷ್ಟ್ರು ಚೀಟಿಗಳನ್ನು ಹೊಗಳಿ, ಇದು ಯಾರ ಅಕ್ಷರ ಎಂದು ಕೇಳಿದರು. "ಬರೆಯೋಕೆ ಮಾತ್ರ ಇವಳು ಸಾರ್, ತಲೆ ನನ್ನದು" ಎಂದೆ ನೀನು. ಆಗ ನಾನು ನಿನ್ನ ಮೇಜಿನ ಕೆಳಗೆ ನೆಲ ಒರೆಸುತ್ತಿದ್ದೆ. ಒರೆಸಲು ಅಡ್ಡಿಯಾಗದಿರಲಿ ಎಂದು ನೀನು ಕಾಲೆತ್ತಿಕೊಂಡೇ ಕೂತಿದ್ದೆ. ಎಷ್ಟೊಂದು ದಯೆ.

ನಿನ್ನೆ ನೀನು ನಲ್ಲಿಯ ಹತ್ತಿರ ಬಂದು ಪಿಸುಗುಟ್ಟಿದೆ, ಸೋಮವಾರ ಶಾಲೆ ತಪಾಸಣೆಯ ಸಾಹೇಬರು ಆಟ ನೋಡಲು ಬರುತ್ತಾರೆ, ಕೊನೆಯ ಚೀಟಿ ಬರೆದುಕೊಡು, ಆ ದಿನ ಮಾತ್ರ ನೀನು ಮನೆಯಲ್ಲೇ ಇರು ಎಂದು. ಮೊನ್ನೆ ಹೆಡ್ ಮೇಷ್ಟ್ರು ಹೊಗಳಿದಾಗ ನೀನು ನನ್ನ ಕಡೆ ಒಂದು ಸಲ ನೋಡಿದ್ದರೂ ಸಾಕಿತ್ತು, ಬರೆದುಕೊಟ್ಟು ಸುಮ್ಮನಿರುತ್ತಿದ್ದೆ. ಈಗ ಕೊಡುವುದಿಲ್ಲ.

ಡ್ರಾಯರಿನಲ್ಲಿ ಸುತ್ತಿಗೆ ಇಲ್ಲವೆಂದು ಎರಡು ದಿನದಿಂದ ಪರದಾಡುತ್ತಿದ್ದೀಯ. ಅದು ಇಲ್ಲಿದೆ, ಬಾಗಿಲ ಹಿಂದಿನ ಒಡಕು ಬಕೆಟ್ಟಿನಲ್ಲಿ, ನೆಲ ಒರೆಸುವ ಬಟ್ಟೆಯಡಿ. ಈ ಶಾಲೆಯಲ್ಲಿ ನೀನು ಕಾಲಿಡದ ಕೋಣೆ ಇದೊಂದೇ.

ಇಂತಿ,
ಓದುವ ತಲೆಯಿಲ್ಲದ ನಿನ್ನ ತಂಗಿ

ಮರೆತಿದ್ದೆ: ಈ ಕಾಗದವನ್ನು ಅಂಟಿಸಿಲ್ಲ. ನಿನಗೆ ತಲುಪಿಸೆಂದು ಆ ಹಿಂದಿನ ಬೆಂಚಿನ ಹುಡುಗಿಯ ಕೈಗೇ ಕೊಡುತ್ತಿದ್ದೇನೆ. ಈಗೀಗ ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾಳೆ. ಕಾಗದ ಬರುವ ಮೊದಲೇ ಗಂಟೆ ಬಾರಿಸಿದರೆ, ಕೊನೆಯ ಚೀಟಿ ಯಾವುದಾಗಿತ್ತು ಎಂದು ನಿನಗೇ ತಿಳಿಯುತ್ತದೆ.