ಮಸಿಯೊಳಗಿನ ಕಣಿವೆ

ಪ್ರೀತಿಯ ಚಿಕ್ಕಮ್ಮ,

ಕಂಪ್ಯೂಟರ್ ಮುಂದೆ ಕುಣಿಯುತ್ತಿದ್ದೇನೆ! "ನನ್ನ ಕಣ್ಣು ಮಂಜಾಯ್ತು ಕಣೇ, ಎಲ್ಲಾ ಮಸಿ ಬಳಿದ ಹಾಗೆ ಬಂದಿದೆ, ಅಳಿಸಿಬಿಡು" ಅಂತ ಕಣಿವೆಯ ಫೋಟೋಗಳನ್ನು ಕಳಿಸಿದ್ದೆಯಲ್ಲ? ಇವತ್ತು ಅವುಗಳ ನೆರಳಿನ ಭಾಗವನ್ನು ಮೆಲ್ಲಗೆ ಬೆಳಗಿಸಿದೆ. ಮಸಿಯೊಳಗಿಂದ ಹೊಳೆ ಬಂತು, ಸೇತುವೆ ಬಂತು, ಬೇಲಿಯ ಮೇಲೆ ಒಣಹಾಕಿದ ಹಳದಿ ಕಂಬಳಿಯೂ ಬಂತು!

ಸೂರ್ಯ ಎದುರಿಗಿದ್ದರೂ ಬೆಳಕು ಹೆಚ್ಚಾಗಿ ಆಕಾಶ ಎಲ್ಲೂ ಬೆಳ್ಳಗೆ ಸುಟ್ಟಿಲ್ಲ; ಅದನ್ನು ಉಳಿಸಲೆಂದೇ ಬೆಳಕು ತಗ್ಗಿಸಿ ತೆಗೆದಿದ್ದೀಯ. "ಸುಟ್ಟ ಆಕಾಶ ವಾಪಸ್ ಬರಲ್ಲ, ಕತ್ತಲಲ್ಲಿ ಎಲ್ಲಾ ಇರುತ್ತೆ" ಅಂತ ಕಿವಿ ಹಿಂಡಿ ಕಲಿಸಿದವಳು ನೀನೇ. ನೀನು ಮರೆತರೂ ನಿನ್ನ ಬೆರಳು ಮರೆತಿಲ್ಲ.

ಇನ್ನು ನನಗೆ ಬೇಡ ಅಂತ ನೀನು ಕೊಟ್ಟುಬಿಡಲು ಹೊರಟ ಕ್ಯಾಮೆರಾ ಕೇಳಿಕೊಂಡು ಬರುವ ಪಕ್ಕದ ಮನೆಯವರಿಗೆ ಕಾಫಿ ಕೊಟ್ಟು ಕಳಿಸು, ಕ್ಯಾಮೆರಾ ಕೊಡಬೇಡ. ಬ್ಯಾಟರಿ ಚಾರ್ಜಿಗೆ ಹಾಕಿಡು. ಭಾನುವಾರ ಬರುತ್ತೇನೆ. ಆ ಕಂಬಳಿ ಯಾರದೆಂದು ನೋಡಿಕೊಂಡು ಬರೋಣ.

ಕಿವಿ ಇನ್ನೂ ಕೆಂಪಗಿರುವ,
ನಿನ್ನ ಅಕ್ಕನ ಮಗಳು