ನಿನ್ನ ಸರದಿ ತಪ್ಪಿಸಿದವರು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಚುಕ್ಕಿಗೆ ಅಮ್ಮನ ಪ್ರೀತಿ.

ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮೊಣಕಾಲು ಮೊದಲಿನಷ್ಟೇ ಹಟಮಾರಿ, ಅಪ್ಪನೂ ಅಷ್ಟೇ. ಫೋನ್ ಮಾಡಬಹುದಿತ್ತಲ್ಲ, ಕಾಗದ ಯಾಕೆ ಅಂತ ನೀನು ಹುಬ್ಬೇರಿಸುತ್ತೀಯ. ಫೋನಿನಲ್ಲಿ ನಾನು ಬಾಯಿ ತೆರೆದರೆ ನಿನಗೆ ಮಾತಾಡಲು ಬಿಡುವುದಿಲ್ಲ. ಈ ವಿಷಯವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿ, ನಿನ್ನ ಪರವಾಗಿ ನಾನೇ ನನ್ನನ್ನು ಕ್ಷಮಿಸಿಬಿಡುತ್ತೇನೇನೋ ಅಂತ ಭಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಹಳೆ ಶಾಲೆಯ ಐವತ್ತು ವರ್ಷದ ಸಂಚಿಕೆ ಹೋದ ತಿಂಗಳು ಬಂತು. ಮೊದಲು ನಿನ್ನ ಲೇಖನವನ್ನೇ ಹುಡುಕಿದೆ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು ನಾನು. ಅಭ್ಯಾಸಬಲ, ಕೆಂಪು ಪೆನ್ಸಿಲ್ ಹಿಡಿದೇ ಓದಲು ಕೂತೆ. ಎರಡನೇ ಪ್ಯಾರಾಗೆ ಪೆನ್ಸಿಲ್ ಕೆಳಗಿಟ್ಟೆ.

ಮೂರನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೆ, ನಾಲ್ಕು ವರ್ಷ, ಭಾಷೆಯ ಮೇಷ್ಟ್ರು ಸಾಲಾಗಿ ಒಬ್ಬೊಬ್ಬರನ್ನೇ ಎಬ್ಬಿಸಿ ಪಾಠ ಓದಿಸುತ್ತಿದ್ದರು, ನಿನ್ನ ಹತ್ತಿರ ಬಂದಾಗ ಮಾತ್ರ ಖಾಲಿ ಕುರ್ಚಿ ದಾಟುವಂತೆ ದಾಟಿ ಹಿಂದಿನವಳನ್ನು ಕರೆಯುತ್ತಿದ್ದರು ಅಂತ ಬರೆದಿದ್ದೀಯ. ತೊದಲುವ ಮಗುವನ್ನು ಕಾಯುವಷ್ಟು ತಾಳ್ಮೆ ಅವರಿಗಿರಲಿಲ್ಲ ಅಂತಲೂ. ಇವತ್ತು ನರ್ಸಿಂಗ್ ಶಾಲೆಯಲ್ಲಿ ಅರವತ್ತು ಹುಡುಗಿಯರ ಮುಂದೆ ನಿಂತು ಪಾಠ ಹೇಳುವ ಧೈರ್ಯ ಬಂದದ್ದು ಅವರ ಮೇಲಿನ ಸಿಟ್ಟಿನಿಂದ ಅಂತ ಮುಗಿಸಿದ್ದೀಯ. ನಿನ್ನ ಮಾವ ಫೋನ್ ಮಾಡಿ ಹೊಗಳಿದ. ಅಪ್ಪ ಪಕ್ಕದ ಮನೆಯವರಿಗೆಲ್ಲ ಓದಿ ಹೇಳಿದರು. ನಾನು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಚುಕ್ಕಿ, ಮೇಷ್ಟ್ರು ನಿನ್ನನ್ನು ದಾಟಿ ಹೋಗುತ್ತಿದ್ದದ್ದು ನಾನು ಹಾಗೆ ಕೇಳಿಕೊಂಡಿದ್ದಕ್ಕೆ.

ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಿದ್ದೆ. ಈಗ ಮತ್ತೆ ಬಂದು ಕೂತಿದ್ದೇನೆ.

ನಮ್ಮ ಮನೆ ಹೇಗಿತ್ತು ಅಂತ ನಿನಗೆ ಹೇಳಬೇಕಾಗಿಲ್ಲ. ಒಂದು ಮಗು, ಅದರ ಬಾಯಿಂದ ಮಾತು ಬೀಳುವುದನ್ನೇ ಕಾಯುವ ನಾಲ್ಕು ಜನ ದೊಡ್ಡವರು. ಅಜ್ಜಿಗೆ ಜೇನುತುಪ್ಪದ ಮೇಲೆ ನಂಬಿಕೆ. ಮಾವ, ಉಸಿರು ಎಳ್ಕೋ, ಬಿಡು, ಎಳ್ಕೋ, ಬಿಡು ಅಂತ ಟೈರಿಗೆ ಗಾಳಿ ಹೊಡೆಯುವವನ ಹಾಗೆ ಎದುರಿಗೆ ಕೂರುತ್ತಿದ್ದ. ಅಪ್ಪ ನಿನ್ನ ಜೊತೆ ತಾವೂ ಉಸಿರು ಹಿಡಿದು ಮುಖ ಕೆಂಪು ಮಾಡಿಕೊಳ್ಳುತ್ತಿದ್ದರು. ನಾನು ಎಲ್ಲರಿಗಿಂತ ಚುರುಕು. ಮೊದಲ ಅಕ್ಷರ ಬಂದರೆ ಸಾಕು, ಉಳಿದದ್ದನ್ನು ನಾನೇ ಹೇಳಿ ಮುಗಿಸುತ್ತಿದ್ದೆ. ಹಸ್ತಪ್ರತಿಯಲ್ಲಿ ಬಿಟ್ಟುಹೋದ ಪದ ತುಂಬಿಸುವುದು ನನ್ನ ಕಸುಬು ತಾನೇ.

ಆ ಕೋಟು ನೆನಪಿದೆಯಾ? ಬಟ್ಟೆ ಅಂಗಡಿಯಲ್ಲಿ ಯಾವ ಬಣ್ಣ ಬೇಕು ಅಂದಾಗ ನೀನು ಹ, ಹ ಅಂದೆ. ನಾನು ಹಳದಿ ಅಂತ ಹೇಳಿ ಕಟ್ಟಿಸಿಕೊಂಡು ಬಂದೆ. ನೀನು ತಲೆಯಾಡಿಸಿದೆ. ಎರಡು ಚಳಿಗಾಲ ಅದನ್ನು ತೊಟ್ಟೆ. ನಿನಗೆ ಬೇಕಾಗಿದ್ದದ್ದು ಹಸಿರು ಅಂತ ನನಗೆ ಗೊತ್ತಾದದ್ದು ನಿನ್ನ ಮದುವೆಯಾದ ಮೇಲೆ, ಅದೂ ಅಳಿಯನ ಬಾಯಿಂದ. ನೀನದನ್ನು ಅವರಿಗೆ ತಮಾಷೆಯಾಗಿ ಹೇಳಿದ್ದಂತೆ. ನಾನೂ ನಕ್ಕೆ. ಇನ್ನೂ ಏನೇನಕ್ಕೆ ಹೀಗೆ ತಲೆಯಾಡಿಸಿದ್ದೀಯೋ ಅಂತ ಆಮೇಲೆ ಯೋಚನೆಯಾಯಿತು.

ಮೂರನೇ ಕ್ಲಾಸಿನ ಮೊದಲ ವಾರ ಮೇಷ್ಟ್ರು ನಿನ್ನಿಂದಲೂ ಓದಿಸಿದರು. ಪದ ಸಿಕ್ಕಿಹಾಕಿಕೊಂಡಿತು, ಯಾರೋ ಹುಡುಗ ಅಣಕಿಸಿದ. ಮರುದಿನ ನಿನಗೆ ಹೊಟ್ಟೆನೋವು, ಅದರ ಮರುದಿನವೂ. ನಾನು ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತು, ಹರಿದ ಪುಸ್ತಕದ ಬೆನ್ನಿಗೆ ಗೋಂದು ಹಚ್ಚುತ್ತಿದ್ದರು. ನನ್ನ ಮಗಳನ್ನು ಓದಲು ಎಬ್ಬಿಸಬೇಡಿ ಅಂದೆ. ಅವರು, ಸ್ವಲ್ಪ ದಿನ ನೋಡೋಣಮ್ಮ, ಆ ಹುಡುಗರನ್ನ ನಾನು ನೋಡ್ಕೋತೀನಿ, ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯೋಣ ಅಂದರು. ನಾನು ಅತ್ತುಬಿಟ್ಟೆ. ಹಾಗೆ ಅತ್ತರೆ ಎದುರಿನವರ ಬಾಯಿ ಕಟ್ಟುತ್ತದೆ ಅಂತ ನನಗೆ ಗೊತ್ತಿತ್ತು. ಅವರು ಆಯ್ತು ಅಂದರು. ನಾನು ಬಂದುಹೋದದ್ದು ಅವಳಿಗೆ ತಿಳಿಯಬಾರದು ಅಂತ ಇನ್ನೊಂದು ಮಾತೂ ತೆಗೆದುಕೊಂಡೆ.

ಆಮೇಲೆ ಪ್ರತಿವರ್ಷ ಪೋಷಕರ ಸಭೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದರು: ಈ ವರ್ಷ ಓದಿಸ್ಲಾ? ಪ್ರತಿಸಲವೂ ನಾನು, ಈಗ ಬೇಡ ಅನ್ನುತ್ತಿದ್ದೆ. ನಿನ್ನ ಹೊಟ್ಟೆನೋವು ನಿಂತಿತ್ತು. ನೀನು ಮೆತ್ತಗಾಗಿದ್ದೆ, ತಂಟೆ ತಕರಾರು ಇರಲಿಲ್ಲ. ಮಗು ಈಗ ನೆಮ್ಮದಿಯಾಗಿದೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ನಿನ್ನನ್ನು ಒಮ್ಮೆಯೂ ಕೇಳಲಿಲ್ಲ.

ನಿನ್ನ ಲೇಖನದಲ್ಲಿ ತಾರಸಿಯ ವಿಷಯ ಓದಿ ನನಗೆ ಮುಂದೆ ಹೋಗಲಾಗಲಿಲ್ಲ. ತಿಂಗಳುಗಟ್ಟಲೆ ನೀನು ಪುಸ್ತಕ ಹಿಡಿದು ಮೇಲೆ ಹೋಗಿ, ಒಣಹಾಕಿದ ಬೆಡ್‌ಶೀಟುಗಳ ನಡುವೆ ನಿಂತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆಯಂತೆ. ಬೆಡ್‌ಶೀಟುಗಳು ಮಧ್ಯೆ ಬಾಯಿ ಹಾಕುವುದಿಲ್ಲ ಅಂತ ಬರೆದಿದ್ದೀಯ. ಆ ಬಟ್ಟೆಗಳನ್ನು ಒಣಹಾಕುತ್ತಿದ್ದವಳು ನಾನೇ. ನನ್ನ ಮಗಳು ಹೇಳದೆಯೇ ಬಟ್ಟೆ ತೆಗೆದುಕೊಂಡು ಬರುತ್ತಾಳೆ ಅಂತ ಪ್ರೆಸ್ಸಿನಲ್ಲಿ ಹೆಮ್ಮೆಪಟ್ಟಿದ್ದೆ.

ಆರನೇ ಕ್ಲಾಸಿನಲ್ಲಿ ಒಂದು ದಿನ ಮೇಷ್ಟ್ರು ಎಂದಿನಂತೆ ನಿನ್ನನ್ನು ದಾಟಿದರು. ಹಿಂದಿನ ಹುಡುಗಿ ಎದ್ದಳು. ನೀನೂ ಎದ್ದೆ. ನನ್ನ ಸರದಿ ಅಂದೆ. ಅಷ್ಟು ಹೇಳುವುದಕ್ಕೇ ಎಷ್ಟು ಹೊತ್ತಾಯಿತೋ. ಅರ್ಧ ಪುಟ ಓದಿದೆ. ಮಧ್ಯೆ ಗಂಟೆ ಬಾರಿಸಿತು, ಆದರೂ ಯಾರೂ ಹೊರಗೆ ಓಡಲಿಲ್ಲ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ ಅಂತ ಬರೆದಿದ್ದೀಯ. ನನಗೆ ಹೋದ ಗುರುವಾರ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಆ ಸಂಜೆ ನೀನು ಮನೆಗೆ ಬಂದು, ಇವತ್ತು ನಾನು ಓದ್ದೆ ಅಂದೆ. ನಾನು, ಯಾರು ಓದ್ಸಿದ್ರು, ಯಾರಾದ್ರೂ ನಕ್ಕರಾ, ಮೊದಲು ನೀರು ಕುಡಿ ಅಂತ ಒಂದರ ಮೇಲೊಂದು ಕೇಳಿದೆ. ನೀನು ಬ್ಯಾಗು ಕೆಳಗಿಟ್ಟು ನನ್ನನ್ನೇ ನೋಡಿದೆ. ಅಮ್ಮಾ, ನನ್ನ ಮಾತಿನ್ನೂ ಮು, ಮು ಅಂದೆ. ನಾನು ಬಾಯಿ ತೆರೆದೆ. ನೀನು ಅಂಗೈ ಎತ್ತಿ ನನ್ನನ್ನು ತಡೆದೆ. ಮುಗಿದಿಲ್ಲ ಅಂತ ನೀನೇ ಹೇಳಿದೆ. ಹನ್ನೊಂದು ವರ್ಷದ ಹುಡುಗಿ. ಅಜ್ಜಿ ಒಳಗಿಂದ, ಭೇಷ್, ಇವಳನ್ನ ಸುಮ್ಮನಿರ್ಸೋರು ಒಬ್ರು ಹುಟ್ಟಿದ್ರಲ್ಲ ಅಂದರು. ನೀನು ಪೂರ್ತಿ ಹೇಳಿ ಮುಗಿಸುವವರೆಗೆ ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಖುಷಿಯಾಗಿರಲಿಲ್ಲ, ಚುಕ್ಕಿ. ನನ್ನ ಕೈಯಿಂದ ಏನೋ ಜಾರಿದಂತೆ ಹೆದರಿಕೆಯಾಗಿತ್ತು.

ಮುಂದಿನ ವರ್ಷ ಮೇಷ್ಟ್ರು ಆ ಶಾಲೆಯಲ್ಲಿರಲಿಲ್ಲ. ನೀನು ಬಾಯಿ ಬಿಟ್ಟದ್ದು ಅವರಿಗೆ ಸಹಿಸಲಾಗಲಿಲ್ಲವೇನೋ ಅಂತ ಬರೆದಿದ್ದೀಯ. ಹಾಗಲ್ಲ. ನದಿಯಾಚೆಯ ಶಾಖೆಗೆ ಹಾಕಿದರು. ಮೇಷ್ಟ್ರುಗಳಿಗೆ ವರ್ಗ ಆಗುತ್ತಲೇ ಇರುತ್ತದೆ.

ಗುರುವಾರ ಎರಡು ಬಸ್ಸು ಬದಲಿಸಿ ಅವರನ್ನು ನೋಡಲು ಹೋಗಿದ್ದೆ. ತಂಗಿಯ ಜೊತೆ ಮಹಡಿ ಮೇಲಿನ ಒಂದು ಮನೆಯಲ್ಲಿದ್ದಾರೆ. ಸಂಚಿಕೆ ಮೇಜಿನ ಮೇಲೇ ಇತ್ತು, ಓದಿದ್ದರು. ನಾನು ಕ್ಷಮೆ ಕೇಳಲು ಶುರುಮಾಡಿದರೆ ಅವರು ಟೀ ಆರುತ್ತೆ ಕುಡೀರಿ ಅಂದರು. ಅವಳು ಇಷ್ಟು ಬರೆದ ಮೇಲೂ ನೀವ್ಯಾಕೆ ಯಾರಿಗೂ ನಿಜ ಹೇಳಲಿಲ್ಲ ಅಂತ ಕೇಳಿದೆ. ನಿಮಗೆ ಮಾತು ಕೊಟ್ಟಿದ್ದೆನಲ್ಲಮ್ಮ ಅಂದರು, ಸಂತೆಗೆ ಹೋಗಿಬಂದ ಸುದ್ದಿ ಹೇಳುವಷ್ಟು ಸಲೀಸಾಗಿ.

ಆ ದಿನ ಗಂಟೆ ಬಾರಿಸಿದಾಗ ಅವರು ಸದ್ದಿಲ್ಲದೆ ಹಿಂದೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರಂತೆ. ಏಳಲು ಹೊರಟ ಹುಡುಗರನ್ನು ಕಣ್ಣಲ್ಲೇ ಕೂರಿಸಿದರಂತೆ. ನೀನು ಪುಸ್ತಕದಿಂದ ತಲೆಯೆತ್ತಿರಲಿಲ್ಲ, ಅದಕ್ಕೇ ನೋಡಲಿಲ್ಲ. ಆಚೆಯಿಂದ ಮುಂದಿನ ಪೀರಿಯಡ್ಡಿನ ಲೆಕ್ಕದ ಟೀಚರು ಬಾಗಿಲು ಬಡಿಯುತ್ತಲೇ ಇದ್ದರಂತೆ, ಓದಿನ ಗುಂಗಿನಲ್ಲಿ ಅದೂ ನಿನ್ನ ಕಿವಿಗೆ ಬಿದ್ದಿರಲಿಲ್ಲ. ಆ ಬಡಿತ ನನ್ನ ಬೆನ್ನಿಗೇ ಬೀಳ್ತಿತ್ತು ಅಂತ ಹೇಳಿ ನಕ್ಕರು.

ಅವಳಿಗೆ ಈಗ ಏನೂ ಹೇಳ್ಬೇಡಿ, ಅವಳು ಆ ಸಿಟ್ಟಿನ ಮೇಲೇ ಕಾಲೂರಿ ನಿಂತಿದಾಳೆ, ನನ್ನಿಂದ ಅಷ್ಟಾದ್ರೂ ಉಪಯೋಗ ಆಗ್ಲಿ ಅಂದರು. ನಾನೂ ಹೂಂ ಅಂದಿದ್ದೆ. ಆದರೆ ಕೆಳಗೆ ಬಿಡಲು ಬಂದ ಅವರ ತಂಗಿ ಮೆಟ್ಟಿಲ ಮೇಲೆ ಹೇಳಿದರು: ಐವತ್ತು ವರ್ಷದ ಸಮಾರಂಭಕ್ಕೆ ಅಂತ ಶರ್ಟು ಇಸ್ತ್ರಿ ಮಾಡಿಸಿ ಇಟ್ಕೊಂಡಿದ್ರು. ಹಿಂದಿನ ದಿನ ಪುಸ್ತಕ ಬಂತು. ಓದಿದ್ರು. ಆಮೇಲೆ ಹೋಗ್ಲಿಲ್ಲ.

ಬಸ್ಸಿನಲ್ಲಿ ಬರುವಾಗಲೇ ನಿನಗೆ ಬರೆಯಬೇಕು ಅಂತ ನಿಶ್ಚಯಿಸಿದೆ.

ನಿನ್ನ ಧೈರ್ಯ ಸುಳ್ಳಲ್ಲ. ಅದನ್ನು ನಿನಗೆ ಯಾರೂ ಕೊಟ್ಟಿದ್ದಲ್ಲ, ಮೇಷ್ಟ್ರೂ ಅಲ್ಲ, ನಾನಂತೂ ಅಲ್ಲವೇ ಅಲ್ಲ. ಎದ್ದು ನಿಂತವಳು ನೀನು. ಆದರೆ ಸಿಟ್ಟು ಮಾತ್ರ ಇಷ್ಟು ವರ್ಷ ತಪ್ಪು ವಿಳಾಸಕ್ಕೆ ಹೋಗುತ್ತಿತ್ತು. ಮೇಷ್ಟ್ರ ವಿಳಾಸ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಹೋಗು, ಬಿಡು, ಇಂಥದ್ದು ಹೇಳು ಅಂತ ನಾನು ಹೇಳುವುದಿಲ್ಲ. ಜೊತೆಗೂ ಬರುವುದಿಲ್ಲ.

ಉತ್ತರ ಬರೆಯಬೇಕು ಅನ್ನಿಸಿದಾಗ ಬರೆ. ಬರೆಯದಿದ್ದರೆ ಅದೂ ಒಂದು ಉತ್ತರವೇ.

ಇಂತಿ,
ನಿನ್ನ ಅಮ್ಮ

ಮ.ವಿ.: ಮರೆತ ವಿಷಯ ಅಂತ ಬರೆಯುವುದು ವಾಡಿಕೆ. ಇದನ್ನು ಮರೆತಿರಲಿಲ್ಲ. ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ. ಮೇಷ್ಟ್ರಿಗೆ ವರ್ಗ ತಾನಾಗಿ ಆದದ್ದಲ್ಲ. ನೀನು ಓದಿದ ಮರುದಿನವೇ ಶಾಲೆಗೆ ಹೋಗಿ, ಕೊಟ್ಟ ಮಾತಿಗೆ ತಪ್ಪಿದಿರಿ ಅಂತ ಅವರ ಮೇಲೆ ಕೂಗಾಡಿದೆ. ನಾನು ಕರೀಲಿಲ್ಲಮ್ಮ, ಅವಳೇ ಎದ್ದಳು ಅಂದರು. ಇನ್ನೊಮ್ಮೆ ಎದ್ದರೆ ಕೂರಿಸಿ ಅಂದೆ. ಎದ್ದು ನಿಂತ ಮಗೂನ ಕೂರ್ಸೋದು ನನ್ನ ಕೈಲಾಗಲ್ಲ ಅಂದರು. ನಾನು ನೇರ ಹೆಡ್‌ಮಿಸ್ಸಿಗೆ ದೂರು ಬರೆದುಕೊಟ್ಟೆ. ನನ್ನ ಮಗಳನ್ನು ಎಲ್ಲರೆದುರು ನಿಲ್ಲಿಸಿ ಅವಮಾನ ಮಾಡಿದರು, ಅವಳು ಮನೆಗೆ ಬಂದು ಅತ್ತಳು, ಊಟ ಬಿಟ್ಟಳು ಅಂತ ಬರೆದೆ. ನೀನು ಅತ್ತಿರಲಿಲ್ಲ. ಆ ಸಂಜೆ ನೀನು ಖಾಲಿ ತಟ್ಟೆ ಚಾಚಿ, ಇನ್ನೊಂದು ಸಲ ಬಡಿಸು ಅಂದಿದ್ದೆ.